ಶೆನೊನ್ಸೊ: ಹಳೆಯದು ಜಗಲಿ, ಗಿಡವಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ಶೆನೊನ್ಸೊ ಅರಮನೆಯ ಬಗ್ಗೆ ಬಂದ ಲೇಖನ ಓದಿದೆ. ನದಿಯ ಮೇಲಿನ ಇಡೀ ಕಟ್ಟಡ ರಾಜನ ಪ್ರೇಯಸಿ ಡಯಾನ್ ದ ಪ್ವಾತಿಯೆ ಕಟ್ಟಿಸಿದ್ದು, ಆಕೆ ಮಾಡಿಸಿದ ತೋಟ ಇಂದಿಗೂ ಹಾಗೇ ಉಳಿದಿದೆ ಎಂದು ಅದರಲ್ಲಿದೆ. ಎರಡೂ ಸರಿಯಲ್ಲ.

ಶೇರ್ ನದಿಯಲ್ಲಿದ್ದ ಹಳೆಯ ನೀರುಗಿರಣಿಯ ಅಡಿಪಾಯದ ಮೇಲೆ ಅರಮನೆ ಎಬ್ಬಿಸಿದವರು ದೊರೆಯ ಹಣಕಾಸು ಅಧಿಕಾರಿ ತೋಮಾ ಬೊಯಿಯೆ ಮತ್ತು ಆತನ ಹೆಂಡತಿ ಕತ್ರೀನ್ ಬ್ರಿಸೊನೆ. ಗಂಡ ಹೆಚ್ಚು ಕಾಲ ಹೊರಗಿದ್ದುದರಿಂದ ಕೆಲಸ ನೋಡಿಕೊಂಡವಳು ಆಕೆಯೇ. ಈ ಹೆಸರು ಲೇಖನದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಬೊಯಿಯೆ ಖಜಾನೆಗೆ ಉಳಿಸಿದ್ದ ಬಾಕಿಗಾಗಿ 1535ರಲ್ಲಿ ಅರಮನೆ ರಾಜವಶವಾಯಿತು. 1547ರಲ್ಲಿ ದೊರೆ ಎರಡನೇ ಹೆನ್ರಿ ಅದನ್ನು ತನ್ನ ಪ್ರೇಯಸಿ ಡಯಾನಳಿಗೆ ಕೊಟ್ಟ. ಆಕೆ ವಾಸ್ತುಶಿಲ್ಪಿ ಫಿಲಿಬೆರ್ ದ ಲಾರ್ಮ್‌ನಿಂದ ನದಿಯ ಮೇಲೆ ಕಟ್ಟಿಸಿದ್ದು ಆಚೆ ದಡಕ್ಕೆ ಹೋಗುವ ಸೇತುವೆ. 1559ರಲ್ಲಿ ಹೆನ್ರಿ ಈಟಿಯಾಟದ ಗಾಯದಿಂದ ಸತ್ತ ಮೇಲೆ ಆತನ ರಾಣಿ ಕ್ಯಾಥರೀನ್ ದ ಮೆಡಿಚಿ ಶೆನೊನ್ಸೊ ಬಿಡಿಸಿಕೊಂಡು, ಬದಲಿಗೆ ಶೋಮೊನ್ ಕೋಟೆ ಕೊಟ್ಟಳು. ಸೇತುವೆಯ ಮೇಲಿನ 60 ಮೀಟರ್ ಉದ್ದ, 6 ಮೀಟರ್ ಅಗಲದ ಮೊಗಸಾಲೆ ಕ್ಯಾಥರೀನಳದು.

ಇನ್ನು ತೋಟ. ಡಯಾನಳ ಕಾಲದಿಂದ ಉಳಿದಿರುವುದು ಜಗಲಿ. ಶೇರ್ ಉಕ್ಕಿದಾಗ ನೀರು ನುಗ್ಗದಿರಲೆಂದು ನೆಲ ಏರಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿದರು. ಈಗ ಕಾಣುವ ಎಂಟು ತ್ರಿಕೋನ ಹುಲ್ಲುಹಾಸುಗಳ ವಿನ್ಯಾಸ ಬಹಳ ಈಚಿನದು, ತೋಟ ವಿನ್ಯಾಸಕಾರ ಅಶಿಲ್ ದುಶೆನ್ ರೂಪಿಸಿದ್ದು. ಹುಲ್ಲಿನ ಮೇಲೆ ಬಳ್ಳಿಯಂತೆ ಸುರುಳಿ ಸುತ್ತಿರುವ ಬೂದುಬಣ್ಣದ ಗಿಡ ಸ್ಯಾಂಟೊಲಿನಾ. ಮೆಡಿಟರೇನಿಯನ್ ಒಣನೆಲದ ಗಿಡವಾದ್ದರಿಂದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕತ್ತರಿ ಆಡಿಸದೆ ಬಿಟ್ಟರೆ ಎಲೆಯೆಲ್ಲ ತುದಿಗೆ ಸೇರಿ, ಬುಡ ಬೋಳಾಗಿ ಕಡ್ಡಿ ಕಾಣುತ್ತದೆ, ಸುರುಳಿಯ ಗೆರೆ ಕೆಡುತ್ತದೆ. ಹೂವಿನ ಸಸಿಗಳನ್ನಂತೂ ವಸಂತಕ್ಕೊಮ್ಮೆ, ಬೇಸಿಗೆಗೊಮ್ಮೆ ಕಿತ್ತು ಹೊಸದಾಗಿ ನೆಡುತ್ತಾರೆ. ಅರಮನೆಯ ತೋಟಗಳಿಗೆ ಬೇಕಾದ ಸುಮಾರು 1,30,000 ಸಸಿಗಳನ್ನು ಅಲ್ಲಿಯೇ ಬೆಳೆಸುತ್ತಾರೆ. ಇಷ್ಟು ಕೈಕೆಲಸವನ್ನು ‘ಹಾಗೇ ಉಳಿದಿದೆ’ ಎಂಬ ಎರಡು ಪದದಲ್ಲಿ ಮುಚ್ಚಿಬಿಡುವುದು ತೋಟಗಾರರಿಗೆ ಮಾಡುವ ಅನ್ಯಾಯ.

ಡಯಾನಳ ತೋಟ ಎಂದಿರುವ ಚಿತ್ರದ ಅಡಿಬರಹವನ್ನೂ ತಿದ್ದಬೇಕು. ನಡುವೆ ದುಂಡು ಕೊಳ, ಸುತ್ತ ಐದು ಹುಲ್ಲುಹಾಸು ಇರುವುದು ಕ್ಯಾಥರೀನಳ ತೋಟ, ಸುಮಾರು 5,500 ಚದರ ಮೀಟರ್. ಅರಮನೆಗೆ ಎದುರಾಗಿ ನಿಂತರೆ ಅದು ಬಲಕ್ಕೆ. ಡಯಾನಳದು ಎಡಕ್ಕೆ, ಅದರ ಎರಡರಷ್ಟಕ್ಕಿಂತ ದೊಡ್ಡದು.

– ತೋಟಗಾರಿಕೆ ಅಧ್ಯಾಪಕ, ಧಾರವಾಡ