ಕುದುರೆಮುಖ ಚಾರಣ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮಳೆ ಹಿಂದೆ ಸರಿದಿರುವುದರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣವನ್ನು ಮುಂದಿನ ತಿಂಗಳ ಮೊದಲ ಶನಿವಾರ ಇಟ್ಟುಕೊಳ್ಳಬಹುದೆಂದು ಯೋಚಿಸಲಾಗಿದೆ. ಅರಣ್ಯ ಇಲಾಖೆಯು ದಿನಕ್ಕೆ ಇಂತಿಷ್ಟೇ ಜನರಿಗೆ ಅನುಮತಿ ನೀಡುವುದರಿಂದ, ಅದನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿಯೇ ಕಾಯ್ದಿರಿಸಬೇಕಾಗುತ್ತದೆ. ಆದ್ದರಿಂದ ಬರಲು ಇಚ್ಛಿಸುವವರು ಗುರುತಿನ ಚೀಟಿಯಲ್ಲಿರುವಂತೆಯೇ ತಮ್ಮ ಹೆಸರನ್ನು ಈ ಭಾನುವಾರದೊಳಗೆ ತಿಳಿಸಬೇಕು. ನಂತರ ಹೆಸರು ಸೇರಿಸುವುದು ಕಷ್ಟ.

ಮಂಗಳೂರಿನಿಂದ ಶುಕ್ರವಾರ ಮಧ್ಯಾಹ್ನವೇ ಹೊರಟು, ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳದ ದಾರಿಯಾಗಿ ಘಟ್ಟ ಹತ್ತಿ, ಸಂಸೆಯ ಬಳಿ ರಾತ್ರಿ ತಂಗಿ, ಬೆಳಿಗ್ಗೆ ಜೀಪಿನಲ್ಲಿ ಮುಳ್ಳೋಡಿ ತಲುಪುವುದು ಸೂಕ್ತ. ಅಲ್ಲಿಂದ ಸುಮಾರು 1,890 ಮೀಟರ್ ಎತ್ತರದ ಶಿಖರಕ್ಕೆ ಹೋಗಿ ಬರಲು 20 ಕಿಲೋಮೀಟರಿನಷ್ಟು ನಡಿಗೆಯಿದೆ. ದಾರಿ ಉದ್ದಕ್ಕೂ ಕಡಿದಾಗಿಲ್ಲ. ಗಾಳಿಯಿಂದ ಮರೆಯಾದ, ತೇವ ಉಳಿಯುವ ಕಣಿವೆಗಳಲ್ಲಿ ಶೋಲಾ ಕಾಡು ದಟ್ಟವಾಗಿ ಬೆಳೆದಿದ್ದು, ಹಳ್ಳಗಳನ್ನು ದಾಟುತ್ತ ಅದರೊಳಗೆ ಸಾಗಿದ ಬಳಿಕ ಒಮ್ಮೆಲೇ ಬಯಲಾದ ಹುಲ್ಲುಗಾವಲು ಎದುರಾಗುತ್ತದೆ. ಒಂಟಿಮರವೆಂಬ ಜಾಗದಿಂದ ಮುಂದಿನ ಏರು ಮಾತ್ರ ದಣಿಸುವಂಥದ್ದು. ಶಿಖರ ಮುಟ್ಟುವುದಕ್ಕಿಂತ ಕತ್ತಲಾಗುವ ಮುನ್ನ ಕೆಳಗಿಳಿಯುವುದು ಮುಖ್ಯವೆಂಬುದು ನನ್ನ ಅಭಿಪ್ರಾಯ. ಹಿಂದುಳಿದವರನ್ನು ಬಿಟ್ಟು ಯಾರೂ ಮುಂದೆ ಹೋಗತಕ್ಕದ್ದಲ್ಲ.

ಕಾಡಿನಲ್ಲಿ ಇಂಬಳಗಳು ಇನ್ನೂ ಇರುವುದರಿಂದ ಉದ್ದನೆಯ ಕಾಲುಚೀಲ ಮತ್ತು ಸ್ವಲ್ಪ ಉಪ್ಪು ಜೊತೆಗಿರಲಿ. (ಚಪ್ಪಲಿಯಲ್ಲಿ ಬರುವವರನ್ನು ಸಂಸೆಯಲ್ಲೇ ಬಿಟ್ಟು ಹೋಗಲಾಗುವುದು.) ನೀರನ್ನು ಸ್ಟೀಲ್ ಬಾಟಲಿಯಲ್ಲಿಯೂ ಬುತ್ತಿಯನ್ನು ಬಾಳೆಲೆಯಲ್ಲಿಯೂ ತರತಕ್ಕದ್ದು, ಏಕಬಳಕೆಯ ಪ್ಲಾಸ್ಟಿಕ್‌ ಮತ್ತು ಮದ್ಯಕ್ಕೆ ಅವಕಾಶವಿಲ್ಲ. ಮೊಣಕಾಲು ನೋವು ಅಥವಾ ಉಬ್ಬಸವಿರುವವರು ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಬೇಕಾಗಿ ವಿನಂತಿ.