4294967297 ಅವಿಭಾಜ್ಯವೇ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹತ್ತಂಕಿಯ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಕಾಗದದ ಮೇಲೆಯೇ ತೀರ್ಮಾನಿಸಬಹುದೇ ಎಂದು ಕೇಳಿದ್ದೆ. ಸಂಖ್ಯೆಯ ರೂಪ ಗೊತ್ತಿದ್ದರೆ ಬಹಳ ಸಲ ಆಗುತ್ತದೆ. 4294967297 ತೆಗೆದುಕೋ, 429 ಕೋಟಿ 49 ಲಕ್ಷ 67 ಸಾವಿರದ 297. ಇದು 2³² + 1, ಫರ್ಮಾ ಸಂಖ್ಯೆ: 2ರ ಘಾತಕ್ಕೆ 1 ಕೂಡಿಸಿದ್ದು, ಘಾತಾಂಕ ಮಾತ್ರ 1, 2, 4, 8, 16, 32 ಹೀಗೆ ಇಮ್ಮಡಿಯಾಗುತ್ತ ಹೋಗುತ್ತದೆ. ಈ ಸಾಲಿನಲ್ಲಿ ಇದಕ್ಕಿಂತ ಮುಂಚಿನ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೆಯೇ ಎಂದು 1640ರಲ್ಲಿ ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಇದನ್ನು ಒಡೆದ: 641 × 6700417.

ವರ್ಗಮೂಲ ಸುಮಾರು 65536. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಅಷ್ಟರಿಂದಲೂ ಭಾಗಿಸಬೇಕಿಲ್ಲ. ‘ಪ’ ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅನ್ನು. ಆಗ ‘ಪ’ದಿಂದ ಭಾಗಿಸಿದಾಗ 2³²ರ ಶೇಷ −1, 2⁶⁴ರ ಶೇಷ 1; 2ರ ಘಾತಗಳಲ್ಲಿ 1 ಬರುವುದು ಅಲ್ಲೇ ಮೊದಲು. ಫರ್ಮಾನ ಕಿರು ಪ್ರಮೇಯದಂತೆ 2ರ ‘ಪ − 1’ನೇ ಘಾತದ ಶೇಷವೂ 1; ಹಾಗಾಗಿ ‘ಪ − 1’ 64ರ ಅಪವರ್ತ್ಯವಾಗಲೇಬೇಕು. ಲೂಕಾಸ್ ಇದನ್ನು 128ಕ್ಕೆ ಬಿಗಿ ಮಾಡಿದ. ಈಗ ಉಳಿಯುವ ಮೊದಲ ಎರಡು ಅವಿಭಾಜ್ಯಗಳು 257 ಮತ್ತು 641. ಎರಡನೆಯದಕ್ಕೇ ಕೆಲಸ ಮುಗಿಯಿತು!

641 ಭಾಗಿಸುತ್ತದೆ ಅನ್ನುವುದಕ್ಕೆ ಭಾಗಾಕಾರವೂ ಬೇಡ. 641 = 5·2⁷ + 1, ಆದ್ದರಿಂದ 5·2⁷ರ ಶೇಷ −1; ನಾಲ್ಕನೇ ಘಾತಕ್ಕೇರಿಸಿದರೆ 5⁴·2²⁸ರ ಶೇಷ 1. ಇನ್ನೊಂದು ಕಡೆಯಿಂದ 641 = 5⁴ + 2⁴, ಅಂದರೆ 5⁴ರ ಜಾಗದಲ್ಲಿ −2⁴ ಹಾಕಬಹುದು. ಹಾಕಿದರೆ −2³²ರ ಶೇಷ 1. ಎಷ್ಟು ಸಲ ನೋಡಿದರೂ ಖುಷಿ ಕೊಡುವ ಲೆಕ್ಕವಿದು.

ಉಳಿದ 6700417 ಅವಿಭಾಜ್ಯವೇ? ಅದರ ಭಾಜಕಗಳೂ ಇದೇ ರೂಪದವು, ವರ್ಗಮೂಲ 2588ರ ಆಸುಪಾಸು. 257, 641, 769, 1153, 1409, ಈ ಐದರಿಂದ ಭಾಗಿಸಿ ನೋಡು, ಯಾವುದೂ ಹೋಗುವುದಿಲ್ಲ. ಅವಿಭಾಜ್ಯವೇ.

ಪ್ರೋಗ್ರಾಂ ಬರೆಯುವುದಾದರೆ ಎಚ್ಚರ. ಚಿಹ್ನೆಯಿಲ್ಲದ 32 ಬಿಟ್‌ನಲ್ಲಿ 4294967295ಕ್ಕೇ ಜಾಗ ಮುಗಿಯುತ್ತದೆ, ಈ ಸಂಖ್ಯೆ ಬರೀ 1 ಆಗಿಬಿಡುತ್ತದೆ. 64 ಬಿಟ್ ಕೂಡ ಸಾಲದು: ಅವಿಭಾಜ್ಯತೆಯ ಪರೀಕ್ಷೆಗೆಂದು 2ನ್ನು ವರ್ಗ ಮಾಡುತ್ತ ಹೋದರೆ 4294967296 ಬರುತ್ತದೆ, ಅದರ ವರ್ಗ 2⁶⁴, ಅದು ಸೊನ್ನೆಯಾಗುತ್ತದೆ. ಗುಣಾಕಾರಕ್ಕೆ 128 ಬಿಟ್ ಇಟ್ಟುಕೋ, ಇಲ್ಲವೇ ಪೈಥಾನ್ ಬಳಸು.

ಲೆಕ್ಕ ಸರಿಯಿದ್ದರೂ 2ನ್ನು ಆಧಾರವಾಗಿಟ್ಟ ಫರ್ಮಾ ಪರೀಕ್ಷೆಯಲ್ಲಿ (ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು) ಇದು ಪಾಸಾಗುತ್ತದೆ. ಅದಕ್ಕಿಂತ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯಲ್ಲೂ ಅಷ್ಟೇ, ಆಧಾರ 2 ಆದರೆ. ಅವಿಭಾಜ್ಯವಲ್ಲದಿದ್ದರೂ ಪಾಸಾಗುವ ಇಂಥದ್ದು ಹುಸಿ ಅವಿಭಾಜ್ಯ. ಫರ್ಮಾ ಸಂಖ್ಯೆಗೆ 2 ಎಂದೂ ಒಳ್ಳೆಯ ಆಧಾರವಲ್ಲ, ಏಕೆಂದರೆ ಆ ಸಂಖ್ಯೆ ಹುಟ್ಟಿರುವುದೇ 2ರ ಘಾತದಿಂದ. 1877ರ ಪೆಪಿನ್ ಪರೀಕ್ಷೆಯಂತೆ 3ನ್ನು ಹಿಡಿ: 31 ಸಲ ವರ್ಗ ಮಾಡಿ ಪ್ರತಿ ಸಲ ಶೇಷ ತೆಗೆ. ಕೊನೆಗೆ −1 ಬಂದರೆ ಅವಿಭಾಜ್ಯ. ಇಲ್ಲಿ ಬರುವುದು 10324303.

ಅಲ್ಲಿಗೆ ಇದು ಸಂಯುಕ್ತ ಸಂಖ್ಯೆ. ಭಾಜಕಗಳು ನಾಲ್ಕೇ, ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 6701059. ಇದಕ್ಕಿಂತ ಎರಡು ಕಡಿಮೆಯಿರುವ 4294967295 ಮಾತ್ರ 3 × 5 × 17 × 257 × 65537. ಐದೂ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳಾದ್ದರಿಂದ ಅಷ್ಟು ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ, ಕೈವಾರದಿಂದ ರಚಿಸುವುದು ತತ್ತ್ವತಃ ಸಾಧ್ಯ. 641 ಅಂಥದ್ದಲ್ಲ, ಹಾಗಾಗಿ 4294967297 ಬಾಹುಗಳದ್ದು ಸಾಧ್ಯವಿಲ್ಲ.

ನಿನ್ನ ಗೆಳೆಯ