ಸೀಟಿ ಮ್ಯಾಗ್ನೆಟ್ ಇಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಎಲ್‌ಜಿಬಿ ರೈಲು (ತೋಟದಲ್ಲೂ ಓಡಿಸುವ ದೊಡ್ಡ ಮಾದರಿ ರೈಲು) ತರುವವರಿಗೆ ಒಂದು ಮಾತು. ಹಳಿಯ ಅಡಿಯ ಅಡ್ಡಪಟ್ಟಿಗಳ (ಸ್ಲೀಪರ್) ನಡುವೆ ಸಿಕ್ಕಿಸುವ ಮ್ಯಾಗ್ನೆಟ್ ಒಂದು ಪಕ್ಕಕ್ಕೆ ಇದೆಯಲ್ಲ, ಅದು ಬೇಕಂತಲೇ ಹಾಗಿರುವುದು. ಒಂದು ಪಕ್ಕ ಸೀಟಿ, ತಿರುಗಿಸಿಟ್ಟರೆ ಗಂಟೆ. ಎಂಜಿನ್ ಅಡಿಯ ರೀಡ್ ಸ್ವಿಚ್ಚಿನ ಗಾಜಿನ ಕೊಳವೆಯಲ್ಲಿ ಎರಡು ತೆಳು ಪಟ್ಟಿಗಳಿವೆ. ಮ್ಯಾಗ್ನೆಟ್ ಹತ್ತಿರ ಬಂದರೆ ಅಂಟಿಕೊಳ್ಳುತ್ತವೆ, ಎಂಜಿನ್ ಸದ್ದು ಮಾಡುತ್ತದೆ, ಅಷ್ಟೇ.

ಕಳೆದ ಸಲ ನನ್ನ ಎಂಜಿನ್ ಮೂಕವಾಗಿತ್ತು. ಸೌಂಡ್ ಬೋರ್ಡ್ ಸುಟ್ಟಿತು ಅಂತ ಸುಮ್ನೆ ಪೂರ್ತಿ ಬಿಚ್ಚಿದೆ. ನೋಡಿದರೆ ಮ್ಯಾಗ್ನೆಟ್ ಜಲ್ಲಿಯೊಳಗೆ ಇಳಿದಿತ್ತು! ಮೈತುಂಬ ಕಬ್ಬಿಣದ ಪುಡಿ, ಥೇಟ್ ಗಡ್ಡದ ಹಾಗೆ. ಒರೆಸಿ ಮೇಲೆತ್ತಿದೆ, ಕೂಗಿತು.

ಗೇಟ್ ಪಕ್ಕದಲ್ಲೇ ಇಡಬೇಡಿ. ಎರಡು ಮಾರು ಮುಂಚೆ ಇಡಿ. ಸೀಟಿ ಮುಗಿಯುವಷ್ಟರಲ್ಲಿ ರೈಲು ಗೇಟಿಗೆ ಬರಬೇಕು, ಅಲ್ವಾ? ಮ್ಯಾಗ್ನೆಟ್ ಜಾಸ್ತಿ ಇರುವವರು ಎರಡು ತನ್ನಿ.